ಮಣಿಕಟ್ಟನ್ನೇ ಕೇಳುತ್ತಿದ್ದ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಫೋಟೋವನ್ನು ಐಸಿಯು ಬಾಗಿಲ ಪಕ್ಕದ ಗೋಡೆಗೇ ಹಾಕಿದ್ದಾರೆ. ಬೇರೆ ಗೋಡೆ ಇರಲಿಲ್ಲವೇ? ಔಷಧಿ ಅಂಗಡಿಯ ಎದುರಿಗೆ ಉದ್ದಕ್ಕೂ ಖಾಲಿ ಬಿದ್ದಿದೆ. ಆದರೂ ನೋಡಿ ನೋಡಿ ಆ ಟಿವಿ ಪರದೆಯ ಕೆಳಗೇ ಮೊಳೆ ಹೊಡೆಸಿದ್ದಾರೆ. ಯಾವ ಪರದೆಯನ್ನು ಕಿತ್ತುಹಾಕಿ ಎಂದು ಅವರು ಇದೇ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಜಗಳವಾಡಿದರೋ ಅದರ ಕೆಳಗೆ ಈಗ ಗಂಧದ ಹಾರ ಹಾಕಿಸಿಕೊಂಡು ನಗುತ್ತಿದ್ದಾರೆ. ಅವರು ನಗುತ್ತಿದ್ದುದೇ ಅಪರೂಪ. ಯಾರದೋ ಮದುವೆಯಲ್ಲಿ ತೆಗೆದ ಫೋಟೋ ಅಂತೆ ಅದು.

ಹಾರ ಹಾಕಿದ ದಿನ ಆಸ್ಪತ್ರೆಯ ಚೇರ್ಮನ್ನರು ಮಾತಾಡಿದರು, ರೋಟರಿಯವರು ಮಾತಾಡಿದರು. ಕೊನೆಗೆ ಡಾಕ್ಟ್ರಮ್ಮನ ತಮ್ಮ ಮೈಕ್ ಹಿಡಿದರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ದೊಡ್ಡ ಮನುಷ್ಯರು, ಕಣ್ಣು ಒರೆಸಿಕೊಂಡು ಹೇಳಿದರು: "ನಮ್ಮಕ್ಕ ನೋವಿಲ್ದಂಗೆ ಹೋದ್ಲು ಕಣ್ರೀ. ಅದೊಂದೇ ಸಮಾಧಾನ. ಕೊನೇವರ್ಗೂ ಆಕ್ಸಿಜನ್ ನಂಬರ್ ಚೆನ್ನಾಗಿತ್ತು."

ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ನಂಬರ್ ಸುಳ್ಳು. ಆ ನಂಬರನ್ನು ನಂಬಬೇಡಿ ಎಂದು ಹೇಳುತ್ತಲೇ ಬದುಕಿದ ಹೆಂಗಸನ್ನು ಅದೇ ನಂಬರ್ ತೋರಿಸಿ ಕಳಿಸಿಬಿಟ್ಟರಲ್ಲ, ಇನ್ನೇನು ಹೇಳಲಿ.

ನಾನು ಆ ಐಸಿಯುವಿನಲ್ಲಿ ನರ್ಸು. ಹಂದನಕೆರೆ ಪಕ್ಕದ ಹಟ್ಟಿಯಿಂದ ಬಂದವಳು. ಡಾಕ್ಟ್ರಮ್ಮ ನಮ್ಮ ಐಸಿಯುವಿನ ಮುಖ್ಯಸ್ಥರು. ಓದಿದ್ದು ಅರಿವಳಿಕೆ ಶಾಸ್ತ್ರ, ಮಾಡಿದ್ದು ಮಾತ್ರ ಜೀವಮಾನವಿಡೀ ವೆಂಟಿಲೇಟರ್ ಕೆಲಸ. ಹಾವು ಕಚ್ಚಿಸಿಕೊಂಡವರು, ತೋಟಕ್ಕೆ ಹೊಡೆಯುವ ಔಷಧಿ ಕುಡಿದವರು, ತೆಂಗಿನ ಮರದಿಂದ ಬಿದ್ದವರು, ಉಸಿರು ತಾವೇ ಎಳೆಯಲಾರದ ಸ್ಥಿತಿಯಲ್ಲಿ ಬರುತ್ತಿದ್ದರು. ಗಂಟಲಿಗೆ ಟ್ಯೂಬ್ ಇಳಿಸಿ ಮೆಷೀನಿಗೆ ಜೋಡಿಸುವುದು ಅವರ ಕೆಲಸ. ಅಲ್ಲಿಂದಾಚೆಗೆ ಬೇರೆ ಡಾಕ್ಟರುಗಳು ಕಾಫಿಗೆ ಹೋಗುತ್ತಾರೆ. ಇವರ ಜಗಳ ಅಲ್ಲಿಂದ ಶುರುವಾಗುತ್ತಿತ್ತು.

ಒಳಗೆ ಬಂದರೆ ಮಾನಿಟರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸೀದಾ ರೋಗಿಯ ಕೈ ಹಿಡಿದುಕೊಳ್ಳುತ್ತಿದ್ದರು. ಬೆರಳ ತುದಿ ಒತ್ತಿ ನೋಡುವುದು, ತುಟಿ ಮಗುಚಿ ಒಳಗಿನ ಬಣ್ಣ ನೋಡುವುದು, ಎದೆಯ ಎರಡೂ ಪಕ್ಕ ಅಂಗೈ ಇಟ್ಟು ಸಮ ಏಳುತ್ತದೋ ಇಲ್ಲವೋ ನೋಡುವುದು. ಆಮೇಲೆ ಕೈಯನ್ನು ಮಗುಚಿ ಅಂಗೈ ಮೇಲೆ ಮಾಡಿ, ಮಣಿಕಟ್ಟಿನಲ್ಲಿ ನಾಡಿ ಹುಡುಕಿ, "ಸಿರಿಂಜ್ ಕೊಡೇ" ಅನ್ನುತ್ತಿದ್ದರು. ನಾಡಿಯ ರಕ್ತ ತೆಗೆದು ಮೆಷೀನಿಗೆ ಹಾಕಿದರೆ ಅದರಲ್ಲಿ ಆಮ್ಲಜನಕ ನಿಜವಾಗಿ ಎಷ್ಟಿದೆ ಎಂದು ಗೊತ್ತಾಗುತ್ತದೆ. ಆ ಪರೀಕ್ಷೆ ಬರುವ ತನಕ ಅವರು ಯಾರ ಮಾತನ್ನೂ ನಂಬುತ್ತಿರಲಿಲ್ಲ. ನನ್ನ ಮಾತನ್ನಂತೂ ಮೊದಲೇ ಇಲ್ಲ.

ಬೆರಳಿಗೆ ಕಚ್ಚಿಸುವ ಕ್ಲಿಪ್ಪು ಈಗ ಎಲ್ಲರಿಗೂ ಗೊತ್ತು. ಕೊರೋನಾ ಬಂದ ಮೇಲೆ ಚಿಕ್ಕನಾಯಕನಹಳ್ಳಿ ಸಂತೆಯಲ್ಲೂ ಸಿಗುತ್ತದೆ. ಅದು ಬೆರಳಿನ ಮೂಲಕ ಕೆಂಪು ಬೆಳಕು ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಇಷ್ಟಿರಬಹುದು ಎಂದು ಅಂದಾಜು ಮಾಡುತ್ತದೆ. ಬರೀ ಅಂದಾಜು. ಡಾಕ್ಟ್ರಮ್ಮನಿಗೆ ಅದನ್ನು ಕಂಡರೆ ಬೆಂಕಿ. ಅವರ ಸಿಟ್ಟಿಗೆ ಒಂದು ಕಾರಣವಿತ್ತು.

ಅವರು ಕಪ್ಪು. ಅಚ್ಚ ಕಪ್ಪು. ಅವರ ಮನೆಯವರೆಲ್ಲ ಬೆಳ್ಳಗೆ ಕೆಂಪಗೆ ಇದ್ದಾರೆ, ಇವರೊಬ್ಬರು ಹಾಗೆ ಹುಟ್ಟಿದ್ದಂತೆ. "ಕೊಬ್ರಿ ಮಂಡಿಯೋರ ಮನೇಲಿ ಚಿಪ್ಪು ಹುಟ್ಟೈತೆ ಅಂತಿದ್ಳು ನಮ್ಮಜ್ಜಿ" ಎಂದು ಒಮ್ಮೆ ಅವರೇ ಹೇಳಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ ಕೆಲವೇ ಸಲಗಳಲ್ಲಿ ಅದೊಂದು. ನಾನೂ ಕಪ್ಪೇ. ನನ್ನ ಕೈ ಹಿಡಿದು ತಮ್ಮ ಕೈ ಪಕ್ಕ ಇಟ್ಟುಕೊಂಡು ಹೇಳಿದರು, "ನೋಡೇ, ಈ ಕ್ಲಿಪ್ ಮಾಡ್ದೋರು ಬಿಳೀ ಬೆರಳು ನೋಡ್ಕೊಂಡು ಮಾಡವ್ರೆ. ನನ್ನಂಥ, ನಿನ್ನಂಥ ಬೆರಳು ಅವ್ರ ಲೆಕ್ಕದಲ್ಲಿಲ್ಲ. ರಕ್ತದಲ್ಲಿ ಕಮ್ಮಿ ಇದ್ರೂ ನಮಗೆ ಜಾಸ್ತಿ ತೋರ್ಸಿ ಸುಮ್ನಾಗ್ತದೆ. ನಾವು ಒಳಗೊಳಗೇ ಸಾಯ್ತಿದ್ರೂ ಚೆನ್ನಾಗಿದ್ದಾಳೆ ಅಂತದೆ."

ಅವರ ಬಾಯಿ ಮಾತ್ರ ಕೆಟ್ಟದ್ದು. ಕೇರಳದಿಂದ ಬಂದ ಹುಡುಗಿಯರನ್ನು ಅಳಿಸಿಬಿಡುತ್ತಿದ್ದರು. ಮೊದಲ ವರ್ಷ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮಧ್ಯಾಹ್ನ ಚೀಲದಿಂದ ಕೊಬ್ಬರಿ ಹೋಳು, ಬೆಲ್ಲದ ಚೂರು ತೆಗೆದು ತಿನ್ನುತ್ತಾ ಕೂತಿರುತ್ತಿದ್ದರು, ಒಂದು ದಿನವಾದರೂ ಯಾರಿಗೂ "ತಗೋ" ಅಂದಿದ್ದಿಲ್ಲ. ಒಳ್ಳೆಯ ಕೆಲಸ ಮಾಡಿದರೆ ಸುಮ್ಮನಿರುತ್ತಿದ್ದರು. ಅವರು ಸುಮ್ಮನಿದ್ದರೆ ಅದೇ ಬಹುಮಾನ ಎಂದು ತಿಳಿಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ನಮ್ಮ ಐಸಿಯುವಿನಲ್ಲಿ ಒಂದು ಕೆಟ್ಟ ಚಾಳಿ ಇತ್ತು, ಈಗಲೂ ಇದೆ. ನಮ್ಮ ಕಡೆಯ ರೋಗಿಗಳಲ್ಲಿ ಅರ್ಧ ಜನ ಕಾಯಿ ಸುಲಿಯುವವರು, ನಾರು ಬಡಿಯುವವರು, ಅಡಿಕೆ ಸುಲಿಯುವವರು. ಅವರ ಬೆರಳು ಸಿಪ್ಪೆಯ ಕರೆ ಹಿಡಿದು ಕಪ್ಪಾಗಿ, ದಪ್ಪಗಾಗಿ, ಉಗುರೆಲ್ಲ ಸೀಳಿರುತ್ತವೆ. ಕ್ಲಿಪ್ಪು ಹಾಕಿದಾಗ ನಂಬರ್ ಕಡಿಮೆ ಬಂತು ಅನ್ನಿ, ಯಾರೂ ಹೆದರುವುದಿಲ್ಲ. "ಸಿಪ್ಪೆ ಬೆರಳು ಕಣೇ, ಇನ್ನೊಂದ್ ಬೆರಳಿಗೆ ಹಾಕು" ಅನ್ನುತ್ತಾರೆ. ಆ ಬೆರಳಲ್ಲೂ ಕಡಿಮೆ ಬಂದರೆ ಮತ್ತೊಂದು. ಆಮೇಲೆ ಕಿವಿ, ಕಾಲ ಹೆಬ್ಬೆರಳು. ಎಲ್ಲಾದರೊಂದು ಕಡೆ ಒಳ್ಳೆಯ ನಂಬರ್ ಬಂದೇ ಬರುತ್ತದೆ. ಬಂದ ಕಡೆ ಕ್ಲಿಪ್ಪು ಬಿಟ್ಟು ಮುಂದಿನ ಹಾಸಿಗೆಗೆ ಹೋಗುವುದು. ಡಾಕ್ಟ್ರಮ್ಮ ಅದನ್ನು ನೋಡಿಬಿಟ್ಟರೆ ಮುಗಿಯಿತು. "ಏನೇ, ಬೆರಳು ಹುಡುಕ್ತಿದೀಯಾ? ನಿಮ್ಮಪ್ಪ ಮಲಗಿದ್ರೂ ಹಿಂಗೇ ಹುಡುಕ್ತಿದ್ಯಾ?" ಎಂದು ವಾರ್ಡ್ ಪೂರ್ತಿ ಕೇಳುವ ಹಾಗೆ ಕೂಗುತ್ತಿದ್ದರು.

ಕಂದಿಕೆರೆ ಕಡೆಯ ಕಾಯಿ ಸುಲಿಯುವವನೊಬ್ಬನನ್ನು ಹಾವು ಕಚ್ಚಿ ತಂದಿದ್ದರು. ರೆಪ್ಪೆ ಎತ್ತಲೂ ಆಗದೆ ಮೈಯೆಲ್ಲ ಸೋತಿತ್ತು. ಡ್ಯೂಟಿ ಡಾಕ್ಟರು ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಿದ್ದರು. ಬೆರಳಲ್ಲಿ ನಂಬರ್ ಕಡಿಮೆ ಬಂತು, ಸಿಪ್ಪೆ ಬೆರಳು ಎಂದು ಕಿವಿಗೆ ಹಾಕಿದರು, ತೊಂಬತ್ತಮೂರು ತೋರಿಸಿತು. ಎಲ್ಲರಿಗೂ ಸಮಾಧಾನ. ಅಷ್ಟರಲ್ಲಿ ಡಾಕ್ಟ್ರಮ್ಮ ಬಂದು ಅವನ ಎದೆ ಮೇಲೆ ಕೈ ಇಟ್ಟರು, ಕೈ ಮಗುಚಿ ಮಣಿಕಟ್ಟು ಚುಚ್ಚಿದರು. ಸಿರಿಂಜಿಗೆ ಚಿಮ್ಮಿದ ರಕ್ತ ಕೆಂಪಾಗಿರಲಿಲ್ಲ, ಕಂದಿತ್ತು. ರಿಪೋರ್ಟು ಬಂದಾಗ ಎಂಬತ್ತೆರಡು. ಟ್ಯೂಬು ಆಳಕ್ಕೆ ಹೋಗಿ ಒಂದೇ ಪುಪ್ಪುಸಕ್ಕೆ ಗಾಳಿ ಹೋಗುತ್ತಿತ್ತು. ಅವರು ರಿಪೋರ್ಟು ಬರುವುದಕ್ಕೆ ಮುಂಚೆಯೇ ಟ್ಯೂಬನ್ನು ಸ್ವಲ್ಪ ಹಿಂದಕ್ಕೆಳೆದು ಆಗಿತ್ತು. ಆ ಮನುಷ್ಯ ನಡೆದುಕೊಂಡು ಮನೆಗೆ ಹೋದ. ಅವನ ಹೆಂಡತಿ ಕಾಲಿಗೆ ಬಿದ್ದಾಗ, "ನನ್ ಕಾಲ್ ಯಾಕಮ್ಮ ಹಿಡೀತೀಯ, ಎದ್ದೇಳು, ಅವನ್ ಕೈಗೆ ಎಣ್ಣೆ ಹಚ್ಚೋಗು" ಎಂದು ಗದರಿದರು.

ಆ ಟಿವಿ ಪರದೆ ಚೇರ್ಮನ್ನರ ಬುದ್ಧಿವಂತಿಕೆ. ಒಳಗಿನ ಮಾನಿಟರಿನ ನಂಬರುಗಳು ಹೊರಗೆ ಕೂತ ಸಂಬಂಧಿಕರಿಗೂ ಕಾಣಲಿ, ಜನಕ್ಕೆ ನಂಬಿಕೆ ಬರುತ್ತದೆ ಎಂದು ಹಾಕಿಸಿದರು. ಬಂತು, ಬಹಳ ನಂಬಿಕೆ ಬಂತು. ತುರುವೇಕೆರೆಯಿಂದ, ಹುಳಿಯಾರಿನಿಂದ ಬಂದವರು ಬೆಂಚಿನ ಮೇಲೆ ಕೂತು ಕ್ರಿಕೆಟ್ ಸ್ಕೋರ್ ನೋಡುವಂತೆ ನೋಡುತ್ತಿದ್ದರು. "ಲೇ, ನಮ್ಮಪ್ಪಂದು ತೊಂಬತ್ತೇಳಕ್ಕೆ ಬಂತು ಕಣ್ಲಾ! ಎಸೆಸೆಲ್ಸೀಲಿ ನಿಂಗೂ ಬಂದಿರ್ಲಿಲ್ಲ ಬುಡು!" ಎಂದು ಫೋನಿನಲ್ಲಿ ಕೂಗುತ್ತಿದ್ದರು. ನಂಬರ್ ಚೆನ್ನಾಗಿದ್ದ ಮೇಲೆ ಮಣಿಕಟ್ಟು ಚುಚ್ಚಲು ಯಾರೂ ಬಿಡುತ್ತಿರಲಿಲ್ಲ. "ಇರೋ ರಕ್ತನೆಲ್ಲ ಎಳ್ಕೊಂಡ್ರೆ ಇನ್ನೇನುಳೀತದೆ ಡಾಕ್ಟ್ರಮ್ಮ?" ಎಂದು ಅಡ್ಡ ನಿಲ್ಲುತ್ತಿದ್ದರು.

ಅವರನ್ನು ಮಾತ್ರ ಡಾಕ್ಟ್ರಮ್ಮ ಬೈಯುತ್ತಿರಲಿಲ್ಲ. ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತುಬಿಡುತ್ತಿದ್ದರು.

"ಕೊಬ್ರಿಗೆ ಅಂತ ಅಟ್ಟದ ಮ್ಯಾಲೆ ಒಣಗಾಕಿರೋ ಕಾಯಿ ಅಲ್ಲಾಡಿಸ್ತೀಯಲ್ಲ, ಏನ್ ಗೊತ್ತಾಗ್ತದೆ ಹೇಳಪ್ಪ?"

"ಗಡಗಡ ಅಂದ್ರೆ ಒಳಗೆ ಕೊಬ್ರಿ ಉಂಡೆ ಚಿಪ್ಪು ಬಿಟ್ಕೊಂಡೈತೆ ಅಂತ."

"ಕೊಬ್ರಿ ಚೆನ್ನಾಗೈತೋ, ಬೂಷ್ಟು ಹಿಡಿದೈತೋ?"

"ಅದು ಒಡುದ್ರೇನೆ ಗೊತ್ತಾಗೋದು."

"ಅಷ್ಟೇ ಕಣಪ್ಪ. ಆ ಟಿವಿ ನಂಬರು ಅಲ್ಲಾಡಿಸಿ ನೋಡೋದು. ನನ್ ಸೂಜಿ ಒಡೆದು ನೋಡೋದು. ನಿಮ್ಮಪ್ಪನ್ನ ಅಲ್ಲಾಡಿಸಿ ಬುಟ್ಬುಡ್ಲಾ?"

ಅವನು ಎದ್ದು ದಾರಿ ಬಿಡುತ್ತಿದ್ದ. ಜನಕ್ಕೆ ಅರ್ಥ ಮಾಡಿಸುವುದು ಅವರಿಗೆ ಕಷ್ಟವಾಗಲೇ ಇಲ್ಲ. ಕಷ್ಟವಾದದ್ದು ಆಡಳಿತದವರಿಗೆ ಅರ್ಥ ಮಾಡಿಸುವುದು. ಹೊರಗಿನ ಪರದೆಯಲ್ಲಿ ತೊಂಬತ್ತೈದು ಇದ್ದು ಒಳಗಿನ ರಿಪೋರ್ಟಿನಲ್ಲಿ ಎಂಬತ್ತೈದು ಬಂದರೆ ಆಸ್ಪತ್ರೆಯ ಮರ್ಯಾದೆ ಏನಾಗಬೇಕು ಅನ್ನುವುದು ಅವರ ಚಿಂತೆ. "ಮೇಡಮ್ಮೋರೇ, ಜನದ ಮುಂದೆ ನಮ್ಮ ಮೆಷೀನು ಸುಳ್ಳು ಅಂತೀರಲ್ಲ" ಎಂದು ಚೇರ್ಮನ್ನರು ಕೇಳಿದರು. "ಸುಳ್ಳನ್ನ ಗೋಡೆಗೆ ನೇತಾಕಿದ್ದು ನೀವು" ಎಂದು ಅವರ ಮುಖಕ್ಕೆ ಹೊಡೆದಂತೆ ಹೇಳಿ ಎದ್ದು ಬಂದರು. ಆ ವರ್ಷವೇ ಅವರಿಗೆ ವಯಸ್ಸಾಯಿತು ಎಂದು ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಶಾಲು ಹೊದಿಸಿ ಕಳಿಸಿದರು.

ಅವರು ಹೋದ ಮೇಲೆ ರಕ್ತ ಪರೀಕ್ಷೆಯ ಆ ಮೆಷೀನನ್ನು ತುಮಕೂರಿನ ಶಾಖೆಗೆ ಸಾಗಿಸಿದರು. ಇಲ್ಲಿ ಅದಕ್ಕೆ ಕೆಲಸವಿಲ್ಲ ಎಂದರು. ಯಾರಿಗಾದರೂ ಬೇಕಾದರೆ ಮಾದರಿಯನ್ನು ಐಸ್ ಡಬ್ಬಿಯಲ್ಲಿ ಅಲ್ಲಿಗೆ ಕಳಿಸಬೇಕಂತೆ. ವೆಂಟಿಲೇಟರಿನಲ್ಲಿರುವವನ ನಾಡಿ ರಕ್ತವನ್ನು ಕೊಬ್ಬರಿ ಚೀಲದಂತೆ ಬಸ್ಸಿಗೆ ಹಾಕಿ ಕಳಿಸುವುದು, ಉತ್ತರ ಬರುವ ತನಕ ಅವನು ಕಾದುಕೊಂಡಿರುವುದು. ಥೂ! ಮಣಿಕಟ್ಟು ಚುಚ್ಚುವುದು ತಾನಾಗಿಯೇ ನಿಂತಿತು. ಹೊಸದಾಗಿ ಬಂದವರು ಬೆರಳು ಹುಡುಕುವುದನ್ನೇ ಕೆಲಸವೆಂದು ಕಲಿತರು.

ಈ ಚಳಿಗಾಲದಲ್ಲಿ ಡಾಕ್ಟ್ರಮ್ಮನಿಗೆ ನ್ಯುಮೋನಿಯಾ ಆಯಿತು. ಮದುವೆಯಾಗಿರಲಿಲ್ಲ, ತಮ್ಮನ ಮನೆಯ ಮಹಡಿಯಲ್ಲಿ ಇದ್ದರು. ತಮ್ಮನೇ ಕಾರಿನಲ್ಲಿ ಕರೆತಂದರು. ಬಾಗಿಲಲ್ಲೇ ಗಾಲಿ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಾ ಅವರು ಹೇಳಿದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ.

"ಇಲ್ಲಿ ಬ್ಯಾಡ ಕಣೋ. ತುಮಕೂರಿಗೆ ಕರ್ಕೊಂಡೋಗು. ಅಲ್ಲಿ ಮೆಷೀನೈತೆ."

"ಸುಮ್ನಿರಕ್ಕ, ಅಲ್ಲಿ ನಮ್ಮೋರು ಯಾರವ್ರೆ? ಇಲ್ಲಾದ್ರೆ ಎಲ್ಲಾ ನೀನೇ ಕಲಿಸ್ದೋರು" ಎಂದರು ತಮ್ಮ. ಪ್ರೀತಿಯಿಂದಲೇ ಹೇಳಿದರು. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ.

ಸಂಜೆಯೊಳಗೆ ಟ್ಯೂಬ್ ಹಾಕಬೇಕಾಯಿತು. ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಬಂದಾಗ ಕ್ಲಿಪ್ಪು ಅವರ ಕಿವಿಯಲ್ಲಿತ್ತು. ಯಾಕೆ ಕಿವಿಗೆ ಹಾಕಿದಿರಿ ಎಂದು ರಾತ್ರಿಪಾಳಿಯ ಹುಡುಗಿಯನ್ನು ಕೇಳಿದೆ. "ಬೆರಳಲ್ಲಿ ಎಂಬತ್ತೆಂಟು ಬರ್ತಿತ್ತು ಅಕ್ಕ. ಮೇಡಮ್ ಬೆರಳು ಕಪ್ಪಲ್ವಾ, ಸರಿಯಾಗಿ ತೋರ್ಸಲ್ಲ. ಕಿವೀಲಿ ತೊಂಬತ್ನಾಲ್ಕು ಬಂತು" ಎಂದಳು. ಕಪ್ಪು ಬೆರಳು ಜಾಸ್ತಿ ತೋರಿಸಿ ಮೋಸ ಮಾಡುತ್ತದೆ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ಹೆಂಗಸಿನ ಬೆರಳನ್ನೇ, ಕಪ್ಪಾದ್ದರಿಂದ ಕಡಿಮೆ ತೋರಿಸುತ್ತಿದೆ ಎಂದು ತಳ್ಳಿಹಾಕಿದ್ದರು. ಕಪ್ಪು ಬೆರಳಲ್ಲೇ ಎಂಬತ್ತೆಂಟು ಬಂದರೆ ರಕ್ತದಲ್ಲಿ ಇನ್ನೆಷ್ಟಿರಬೇಕು? ಕೇಳುವವರು ಯಾರು?

ಅವರಿಗೆ ಎಚ್ಚರವಿತ್ತು. ಬಾಯಲ್ಲಿ ಟ್ಯೂಬು, ಮಾತಿಲ್ಲ. ನನ್ನನ್ನು ಕಂಡ ತಕ್ಷಣ ಕಿವಿಯ ಕ್ಲಿಪ್ಪನ್ನು ಕಿತ್ತು ಎಸೆದರು. ಎಡಗೈಯನ್ನು ಮಗುಚಿ ಅಂಗೈ ಮೇಲೆ ಮಾಡಿ, ಬಲಗೈ ಬೆರಳಿನಿಂದ ಮಣಿಕಟ್ಟನ್ನು ಕುಟ್ಟಿದರು. ಮತ್ತೆ ಮತ್ತೆ ಕುಟ್ಟಿದರು. ಇನ್ನು ಬಾಯಿ ಬಿಟ್ಟು ಹೇಳಬೇಕೇ?

ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು. ಒಳ್ಳೆಯ ಹುಡುಗನೇ, ಡಾಕ್ಟ್ರಮ್ಮನ ಕೈಕೆಳಗೆ ಕೆಲಸ ಮಾಡಿದವರಲ್ಲ. "ಸರ್, ಮಣಿಕಟ್ಟಲ್ಲಿ ತೆಗೀರಿ ಅಂತಿದ್ದಾರೆ" ಎಂದೆ.

"ಸಿಸ್ಟರ್, ಪೇಷಂಟ್ ಕನ್ಫ್ಯೂಸ್ ಆಗಿದ್ದಾರೆ. ನಂಬರ್ ಚೆನ್ನಾಗಿದೆಯಲ್ಲ."

ಅವರ ಅಪ್ಪಣೆಗೆ ಕಾಯದೆ ನಾನೇ ಚುಚ್ಚಿದೆ. ಡಾಕ್ಟ್ರಮ್ಮ ಕೈ ಅಲುಗಿಸಲಿಲ್ಲ, ನನ್ನ ಸೂಜಿಯನ್ನೇ ನೋಡುತ್ತಿದ್ದರು. ರಕ್ತ ತಾನಾಗಿ ಚಿಮ್ಮಿ ಸಿರಿಂಜಿಗೆ ಏರಿತು. ಕಪ್ಪಗೆ ಕಂದಿತ್ತು, ಕಂದಿಕೆರೆಯವನದ್ದಕ್ಕಿಂತ ಕಡೆ. ಅವರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ನಾನು ಸಿರಿಂಜನ್ನು ಡಾಕ್ಟರ ಮುಖದ ಮುಂದೆ ಹಿಡಿದೆ. "ಬಣ್ಣ ನೋಡಿ ಸರ್!"

"ನೀವು ವೇನ್ ಚುಚ್ಚಿದ್ದೀರಿ ಸಿಸ್ಟರ್. ಅದಕ್ಕೇ ಕಪ್ಪಗಿದೆ" ಎಂದರು.

ನಾಡಿಯ ರಕ್ತ ತಾನಾಗಿ ಚಿಮ್ಮುತ್ತದೆ, ವೇನಿನದು, ಅಂದರೆ ಹೃದಯಕ್ಕೆ ವಾಪಸ್ ಹೋಗುವ ಕಪ್ಪು ರಕ್ತ, ಎಳೆದರೆ ಬರುತ್ತದೆ, ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಇಷ್ಟು ವರ್ಷ ಅವರ ಹತ್ತಿರ ಬೈಸಿಕೊಂಡಿದ್ದೇನೆಯೇ? ಹಾಗೆಂದೇ ಹೇಳಿದೆ, ಕೂಗಿಯೇ ಹೇಳಿದೆ. ಹಾಗಾದರೆ ರಕ್ತವನ್ನು ತುಮಕೂರಿಗೆ ಕಳಿಸೋಣ ಎಂದರು ಅವರು. ಹೊರಗೆ ಓಡಿ ತಮ್ಮನ ಹತ್ತಿರ, ಈಗಿಂದೀಗಲೇ ಅವರನ್ನೇ ತುಮಕೂರಿಗೆ ಕರೆದುಕೊಂಡು ಹೋಗಿ ಎಂದು ಬೇಡಿಕೊಂಡೆ. ಅವರು ಪರದೆಗೆ ಕೈ ತೋರಿಸಿದರು. ಯಾರೋ ಕ್ಲಿಪ್ಪನ್ನು ಮತ್ತೆ ಕಿವಿಗೆ ಸಿಕ್ಕಿಸಿದ್ದರು.

"ತೊಂಬತ್ನಾಕೈತಲ್ಲಮ್ಮ. ಸುಮ್ನೆ ಚುಚ್ಚಿ ಚುಚ್ಚಿ ಯಾಕೆ ನಮ್ಮಕ್ಕನ್ನ ಗೋಳಾಡಿಸ್ತೀರಿ?"

"ಆ ನಂಬರು ಸುಳ್ಳು ಕಣ್ರೀ. ನಿಮ್ಮಕ್ಕನೇ ಹೇಳ್ತಿದ್ರಲ್ಲ, ಅಲ್ಲಾಡಿಸಿ ನೋಡಿದ್ರೆ ಗೊತ್ತಾಗಲ್ಲ ಅಂತ. ನೀವು ಮಂಡಿಯೋರು, ನಿಮಗೂ ಹೇಳ್ಬೇಕಾ?"

ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಮತ್ತೆ ಪರದೆ ನೋಡಿದರು. "ಡಾಕ್ಟ್ರು ಚೆನ್ನಾಗವ್ರೆ ಅಂದ್ರಲ್ಲಮ್ಮ" ಎಂದರು. ನರ್ಸಿನ ಮಾತು, ಡಾಕ್ಟರ ಮಾತು, ಗೋಡೆಯ ಮೇಲಿನ ನಂಬರು. ಅವರು ಯಾವುದನ್ನು ನಂಬಬೇಕು ಪಾಪ.

ನಾನು ಒಳಗೆ ಬರುವಷ್ಟರಲ್ಲಿ ಡಾಕ್ಟ್ರಮ್ಮನ ಎರಡೂ ಕೈಗಳನ್ನು ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು. ಕ್ಲಿಪ್ಪು ಕೀಳುತ್ತಾರೆ, ಟ್ಯೂಬನ್ನೂ ಕಿತ್ತುಕೊಂಡಾರು ಎಂದು. ಅವರು ಕಾಲಲ್ಲಿ ಒದೆಯುತ್ತಿದ್ದರು. "ಒದ್ದಾಡೋ ಪೇಷಂಟ್‌ಗೆ ಹಗ್ಗ ಹುಡುಕ್ಬೇಡ ಕಣೇ, ಗಾಳಿ ಹುಡುಕು" ಎಂದು ನನಗೆ ಕಲಿಸಿದವರು. ಆಮ್ಲಜನಕ ಸಾಲದ ಮೆದುಳು ಹಾಗೇ ಒದ್ದಾಡುತ್ತದೆ. ನಿದ್ದೆಯ ಇಂಜೆಕ್ಷನ್ ಕೊಟ್ಟರು. ಒದ್ದಾಟ ನಿಂತಿತು. "ಈಗ ಆರಾಮಾದ್ರು ನೋಡಿ" ಎಂದರು ಡಾಕ್ಟರು. ನನ್ನನ್ನು ಬೇರೆ ವಾರ್ಡಿಗೆ ಹಾಕಿದರು.

ಸಂಜೆ ಹೊತ್ತಿಗೆ ಹೃದಯ ನಿಂತಿತು. ಮಣಿಕಟ್ಟಿನ ಮಾತು ಕೇಳಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ವಯಸ್ಸಾಗಿತ್ತು, ಕಾಯಿಲೆ ದೊಡ್ಡದಿತ್ತು. ಉಳಿಯದೇ ಹೋಗಬಹುದಿತ್ತು. ಆದರೆ ಅವರನ್ನು ಅಲ್ಲಾಡಿಸಿ ನೋಡಿ ಬಿಟ್ಟುಬಿಟ್ಟರು. ಜೀವಮಾನವೆಲ್ಲ ಬೇರೆಯವರಿಗೆ ಆಗಬಾರದು ಎಂದು ಕೂಗಾಡಿದ್ದು ಅವರಿಗೇ ಆಯಿತು. ತುಮಕೂರಿಗೆ ಕಳಿಸಿದ ರಕ್ತದ ರಿಪೋರ್ಟು ಎಲ್ಲಿ ಎಂದು ಇವತ್ತಿನವರೆಗೂ ಯಾರೂ ಕೇಳಿಲ್ಲ. ಅಪ್ಪಣೆಯಿಲ್ಲದೆ ಚುಚ್ಚಿದ್ದೇಕೆ ಎಂದು ನನಗೊಂದು ನೋಟಿಸ್ ಬಂದಿದೆ, ಅಷ್ಟೇ.

ಸುದ್ದಿ ಕೇಳಿ ನಾನು ಓಡಿಬಂದೆ. ಹೆಣ ಒರೆಸಿ ಬಟ್ಟೆ ಉಡಿಸುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಟ್ಯೂಬು ತೆಗೆದೆ, ಕಿವಿಯ ಕ್ಲಿಪ್ಪು ತೆಗೆದೆ. ಕೊನೆಗೆ ಕೈಯ ಕಟ್ಟು ಬಿಚ್ಚಿದೆ. ಬಲಗೈ ಸಡಿಲವಾಗಿ ಹಾಸಿಗೆ ಮೇಲೆ ಬಿತ್ತು. ಎಡಗೈಯನ್ನು ಅವರು ಕಟ್ಟಿನೊಳಗೇ ತಿರುಗಿಸಿಕೊಂಡಿದ್ದರು, ಬಟ್ಟೆ ಉಜ್ಜಿ ಚರ್ಮ ಸುಲಿದಿತ್ತು. ಅಂಗೈ ಮೇಲಾಗಿ ಮಣಿಕಟ್ಟು ತೆರೆದುಕೊಂಡೇ ಇತ್ತು.